ಹೊಣೆಯಲ್ಲದವನು ಹೊಣೆಗೇಡಿಯಾದ ಕಥೆ

ಇಂಗ್ಲಿಷಿನಲ್ಲಿ ಎಡವಿ ನಗೆಪಾಟಲಾದವರ ಕಥೆಗಳನ್ನು ನಾವೆಲ್ಲರೂ ಕೇಳಿದ್ದೇವೆ. ಹೇಳಿಕೊಂಡು ನಕ್ಕೂ ಇದ್ದೇವೆ. ಆದರೆ ಕಳೆದ ತಿಂಗಳು ಒಂದು ಸಂಜೆ ನಮ್ಮಲ್ಲಿಗೆ ಬಂದ ಮಿತ್ರರೊಬ್ಬರ ಪ್ರಸಂಗವು ನಗುವಂತಹದಾಗಿರಲಿಲ್ಲ.

ಈ ಮಿತ್ರರು ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗ ಹೈದರಾಬಾದಿಗೆ ಬಂದು, ಲೋಟ ತೊಳೆಯುವ ಕೆಲಸದಿಂದ ಮೊದಲುಮಾಡಿ, ಮಾಣಿಯಾಗಿ, ಗಲ್ಲಾದ ಬಳಿ ಕುಳಿತು, ಈಗ ಒಂದು ದೊಡ್ಡ ಹೋಟೆಲಿನ ಉಗ್ರಾಣವನ್ನು ನೋಡಿಕೊಳ್ಳುತ್ತಾರೆ. ಒಂದು ಭಾನುವಾರ ಅವರು ರಜೆಯ ಮೇಲಿದ್ದರು. ಬೀಗದ ಕೈ ಬೇರೊಬ್ಬರ ವಶದಲ್ಲಿತ್ತು. ಮರುದಿನ ಲೆಕ್ಕ ನೋಡಿದಾಗ ಎರಡು ಚೀಲ ಸಕ್ಕರೆ, ನಾಲ್ಕು ಡಬ್ಬಿ ಎಣ್ಣೆ ಕಡಿಮೆಯಾಗಿದ್ದುವು. ಆಫೀಸಿನಿಂದ ಇಂಗ್ಲಿಷಿನಲ್ಲಿ ಒಂದು ಮೆಮೊ ಬಂದಿತು: ಮೂರು ದಿನಗಳೊಳಗಾಗಿ ಲಿಖಿತ ಸಮಜಾಯಿಷಿ ಕೊಡತಕ್ಕದ್ದು.

ಹೋಟೆಲಿನ ಯಜಮಾನರು ನಮ್ಮ ಕರಾವಳಿಯವರೇ. ಆದರೆ ಕಾಗದಪತ್ರದ ವ್ಯವಹಾರವೆಲ್ಲ ಕನ್ನಡ ಬಾರದ ಆಫೀಸಿನವರ ಕೈಯಲ್ಲಿದೆ. ನಮ್ಮ ಮಿತ್ರರು ಸ್ವಾಭಿಮಾನಿಗಳು. ಇನ್ನೊಬ್ಬರ ಕೈಕಾಲು ಹಿಡಿಯದೆ, ನಿಘಂಟನ್ನು ಮುಂದಿಟ್ಟುಕೊಂಡು ತಾವೇ ಉತ್ತರ ಬರೆದರು. ‘ಈ ನಷ್ಟಕ್ಕೆ ನಾನು ಹೊಣೆಯಲ್ಲ’ ಎಂಬುದು ಅವರ ಮನಸ್ಸಿನಲ್ಲಿದ್ದ ಮಾತು. ‘ರೆಸ್ಪಾನ್ಸಿಬಲ್’ ಎಂದರೆ ಹೊಣೆಯುಳ್ಳ. ಅದರ ವಿರುದ್ಧ ಪದ ‘ಇರೆಸ್ಪಾನ್ಸಿಬಲ್’. ಆದುದರಿಂದ ‘ಐ ಆ್ಯಮ್ ಇರೆಸ್ಪಾನ್ಸಿಬಲ್’ ಎಂದು ಬರೆದು, ಸಹಿ ಹಾಕಿ, ನೆಮ್ಮದಿಯಿಂದ ಮಲಗಿದರು.

ನಾಲ್ಕನೆಯ ದಿನ ಎರಡನೆಯ ಮೆಮೊ ಬಂದಿತು. ‘ತಾನು ಬೇಜವಾಬ್ದಾರಿ ಮನುಷ್ಯನೆಂದು ತಾವೇ ಒಪ್ಪಿಕೊಂಡಿರುವುದರಿಂದ, ನಷ್ಟದ ಹಣವನ್ನು ಸಂಬಳದಿಂದ ಏಕೆ ಮುರಿದುಕೊಳ್ಳಬಾರದು, ತಮ್ಮನ್ನು ಕೆಲಸದಲ್ಲಿ ಏಕೆ ಮುಂದುವರಿಸಬೇಕು’ ಎಂಬುದು ಅದರ ತಾತ್ಪರ್ಯ.

“ರಾಯರೇ, ನಾನು ಬರೆದದ್ದು ‘ಅಲ್ಲ’ ಎಂದು. ಅವರು ಓದಿದ್ದು ‘ಹೌದು’ ಎಂದು. ನಿಘಂಟಿನಲ್ಲಿ ವಿರುದ್ಧ ಪದವೆಂದೇ ಇದೆಯಲ್ಲ?” ಎಂದು ಅವರು ಎರಡೂ ಕಾಗದಗಳನ್ನು ನಮ್ಮ ಮುಂದಿಟ್ಟರು.

ನಿಘಂಟು ತಪ್ಪಿರಲಿಲ್ಲ. ಮಿತ್ರರ ಪ್ರಾಮಾಣಿಕತೆಯೂ ತಪ್ಪಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿತ್ತು? ಶಬ್ದದ ತಲೆಯ ಮೇಲೆ ಕುಳಿತಿರುವ ‘ಇರ್’ ಎಂಬ ಪುಟ್ಟ ತುಣುಕಿನಲ್ಲಿ. ಇಂತಹ ತುಣುಕುಗಳು ಪ್ರತಿದಿನವೂ ನಮ್ಮ ರಜೆಯ ಅರ್ಜಿ, ಮೆಮೊ, ಬಿಲ್ಲು, ನೋಟೀಸುಗಳಲ್ಲಿ ಎದುರಾಗುವುದರಿಂದ, ಈ ಒಂದು ಶಬ್ದವನ್ನು ವಾಚಕರೊಡನೆ ಕುಳಿತು ಬಿಡಿಸಿ ನೋಡಬೇಕೆಂದು ನಮಗೆ ತೋರಿದೆ.

ಶಬ್ದದ ಒಳಗಿನ ಜೋಡಣೆ

‘ಇರೆಸ್ಪಾನ್ಸಿಬಲ್’ ನೋಡುವುದಕ್ಕೆ ಉದ್ದವಾದ ಶಬ್ದ. ಆದರೆ ಅದರ ಜೋಡಣೆ ಸರಳವಾದುದು. ನಡುವೆ ಇರುವುದು ‘ರೆಸ್ಪಾಂಡ್’, ಎಂದರೆ ಉತ್ತರ ಕೊಡು ಎಂಬ ಕ್ರಿಯೆಯ ರೂಪ. ಬಾಲದಲ್ಲಿರುವ ‘ಇಬಲ್’ ಎಂಬುದು ಶಕ್ಯತೆಯನ್ನೂ ಅರ್ಹತೆಯನ್ನೂ ಸೂಚಿಸುವ ಪ್ರತ್ಯಯ. ಎರಡೂ ಸೇರಿದರೆ ಉತ್ತರ ಕೊಡಬೇಕಾದವನು, ಕೇಳಿದಾಗ ಜವಾಬು ಹೇಳತಕ್ಕವನು ಎಂದಾಗುತ್ತದೆ. ತಲೆಯಲ್ಲಿರುವ ‘ಇರ್’ ಇದನ್ನು ನಿಷೇಧಿಸುವ ಉಪಸರ್ಗ.

ಈ ‘ಇರ್’ ಮೂಲತಃ ಲ್ಯಾಟಿನ್ ಭಾಷೆಯ ‘ಇನ್’. ಮುಂದೆ ಬರುವ ಅಕ್ಷರಕ್ಕೆ ತಕ್ಕಂತೆ ಅದು ವೇಷ ಬದಲಿಸುತ್ತದೆ. ‘ಲ’ಕಾರದ ಮುಂದೆ ‘ಇಲ್’ ಆಗಿ ‘ಇಲ್ಲೀಗಲ್’ ಎನಿಸುತ್ತದೆ. ಪ, ಬ, ಮಗಳ ಮುಂದೆ ‘ಇಮ್’ ಆಗಿ ‘ಇಂಪಾಸಿಬಲ್’ ಎನಿಸುತ್ತದೆ. ‘ರ’ಕಾರದ ಮುಂದೆ ‘ಇರ್’ ಆಗಿ ‘ಇರೆಗ್ಯುಲರ್’ ಎನಿಸುತ್ತದೆ. ಉಳಿದೆಡೆ ಹೆಚ್ಚಾಗಿ ‘ಇನ್’ ಆಗಿಯೇ ನಿಂತು ‘ಇನ್‌ಕರೆಕ್ಟ್’ ಎನಿಸುತ್ತದೆ. ಇದು ಕನ್ನಡ ಶಾಲೆಯಲ್ಲಿ ಸಂಧಿ ಓದಿದವರಿಗೆ ಹೊಸ ವಿದ್ಯೆಯೇನೂ ಅಲ್ಲ. ‘ತತ್’ ಮತ್ತು ‘ಲೀನ’ ಸೇರಿದಾಗ ‘ತಲ್ಲೀನ’ವಾಗುವುದಿಲ್ಲವೆ? ‘ಉತ್’ ಮತ್ತು ‘ಲಾಸ’ ಸೇರಿದಾಗ ‘ಉಲ್ಲಾಸ’ವಾಗುವುದಿಲ್ಲವೆ? ಹಿಂದಿನ ಅಕ್ಷರವು ಮುಂದಿನದರ ಬಣ್ಣವನ್ನು ತಾಳುವುದು ಅಲ್ಲಿಯೂ ಇಲ್ಲಿಯೂ ಒಂದೇ ರೀತಿ.

ಗುಮಾಸ್ತರಾಗಿರುವ ವಾಚಕರಿಗೆ ಇನ್ನೊಂದು ಮಾತು. ದಿನವೂ ತಾವು ಫೈಲಿಗೆ ಸೇರಿಸುವ ‘ಕರೆಸ್ಪಾಂಡೆನ್ಸ್’ ಕೂಡ ಇದೇ ಮನೆಯ ಕೂಸು. ‘ಕೂಡಿ’ ಎಂಬ ಅರ್ಥದ ‘ಕಾನ್’ ಎಂಬ ಉಪಸರ್ಗವು ‘ರ’ಕಾರದ ಮುಂದೆ ‘ಕಾರ್’ ಆಗಿ, ಅದಕ್ಕೆ ‘ರೆಸ್ಪಾಂಡ್’ ಸೇರಿತು. ಪರಸ್ಪರ ಉತ್ತರ ಕೊಟ್ಟುಕೊಳ್ಳುವುದೇ ಪತ್ರವ್ಯವಹಾರ. ಈ ಶಬ್ದದಲ್ಲಿ ‘ಆರ್’ ಅಕ್ಷರವನ್ನು ಎರಡು ಸಲ ಬರೆಯಬೇಕಾದ ಕಾರಣವೂ ಇದೇ: ಒಂದು ಉಪಸರ್ಗದ್ದು, ಇನ್ನೊಂದು ಶಬ್ದದ್ದು. ‘ಇರೆಸ್ಪಾನ್ಸಿಬಲ್’ನಲ್ಲಿಯೂ ಹಾಗೆಯೇ. ಕಾರಣ ತಿಳಿದರೆ ಕಾಗುಣಿತವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಐದು ತುಂಡು, ಒಂದು ಒತ್ತು

ಇನ್ನು ಉಚ್ಚಾರಣೆಯ ಮಾತು. ಈ ಶಬ್ದವನ್ನು ಇಂಗ್ಲಿಷರು ಐದು ತುಂಡುಗಳಾಗಿ ನುಡಿಯುತ್ತಾರೆ: ಇ – ರಿ – ಸ್ಪಾನ್ – ಸ – ಬಲ್. ನಾವು ಅದನ್ನು ‘ಇರ್ರೆಸ್ಪಾನ್ಸಿಬಲ್ಲು’ ಎನ್ನುತ್ತೇವೆ. ಇದಕ್ಕೆ ಕಾರಣ ಅಜ್ಞಾನವಲ್ಲ, ನಮ್ಮ ಭಾಷೆಯ ಸಂಸ್ಕಾರ.

ಮೊದಲನೆಯದು ದ್ವಿತ್ವ. ಕನ್ನಡದಲ್ಲಿ ‘ಕತೆ’ಯೇ ಬೇರೆ, ‘ಕತ್ತೆ’ಯೇ ಬೇರೆ; ‘ಹಳಿ’ ಬೇರೆ, ‘ಹಳ್ಳಿ’ ಬೇರೆ. ಎರಡು ಬರೆದಿದ್ದರೆ ಎರಡನ್ನೂ ನುಡಿಯಬೇಕೆಂಬುದು ನಮ್ಮ ಧರ್ಮ. ಇಂಗ್ಲಿಷಿನಲ್ಲಿ ಈ ಎರಡು ‘ಆರ್’ಗಳು ಕಣ್ಣಿಗೆ ಮಾತ್ರ, ಕಿವಿಗೆ ಒಂದೇ. ಸಂಸ್ಕೃತಕ್ಕೂ ಎರಡು ‘ರ’ಕಾರ ಸೇರುವುದು ರುಚಿಸುವುದಿಲ್ಲ: ‘ನಿರ್’ ಮತ್ತು ‘ರಸ’ ಸೇರಿದರೆ ‘ನಿರ್ರಸ’ವಾಗದೆ, ಒಂದು ‘ರ’ಕಾರ ಬಿದ್ದು ‘ನೀರಸ’ವಾಗುತ್ತದೆ.

ಎರಡನೆಯದು ಕೊನೆಯ ‘ಉ’ಕಾರ. ವ್ಯಂಜನದಲ್ಲಿ ಶಬ್ದವನ್ನು ಮುಗಿಸಲು ನಮ್ಮ ನಾಲಗೆ ಒಪ್ಪುವುದಿಲ್ಲ. ಕಾರು, ಬಸ್ಸು, ಬಿಲ್ಲು, ಹೋಟೆಲು ಎಂದು ನಾವು ‘ಉ’ಕಾರ ಸೇರಿಸಿ ಪರಭಾಷೆಯ ಶಬ್ದವನ್ನು ನಮ್ಮದಾಗಿ ಮಾಡಿಕೊಂಡಿದ್ದೇವೆ. ಕನ್ನಡದಲ್ಲಿ ಮಾತನಾಡುವಾಗ ಅದು ತಪ್ಪೂ ಅಲ್ಲ. ಇಂಗ್ಲಿಷಿನಲ್ಲಿ ಮಾತನಾಡುವಾಗ ಮಾತ್ರ ‘ಬಲ್’ ಎಂದು ಹಗುರವಾಗಿ ನಿಲ್ಲಿಸತಕ್ಕದ್ದು.

ಮೂರನೆಯದೇ ಮುಖ್ಯವಾದುದು: ಒತ್ತು. ಕನ್ನಡದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಅದರದರ ನ್ಯಾಯ ಸಲ್ಲುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಂಗ್ಲಿಷಿನಲ್ಲಿ ಒಂದು ತುಂಡಿಗೆ ಬಲವನ್ನೆಲ್ಲ ಕೊಟ್ಟು ಉಳಿದವನ್ನು ಅರ್ಧ ನುಂಗಿಬಿಡುತ್ತಾರೆ. ಈ ಶಬ್ದದಲ್ಲಿ ಆ ಬಲವು ಮೂರನೆಯ ತುಂಡಾದ ‘ಸ್ಪಾನ್’ ಮೇಲೆ ಬೀಳುತ್ತದೆ. ಮೊದಲ ‘ಇ’ಗೆ ಅದಕ್ಕಿಂತ ಕಡಿಮೆಯಾದ ಚಿಕ್ಕ ಒತ್ತು ಇದೆ. ಅವಸರದ ಮಾತಿನಲ್ಲಿ ಆ ‘ಇ’ಯೇ ಜಾರಿಹೋದರೆ ‘ಬೇಜವಾಬ್ದಾರ’ನು ಕ್ಷಣದಲ್ಲಿ ‘ಜವಾಬ್ದಾರ’ನಾಗಿಬಿಡುತ್ತಾನೆ! ಫೋನಿನಲ್ಲಿ ಇಂಗ್ಲಿಷ್ ಕೇಳುವವರು ಶಬ್ದದ ಮೊದಲ ತುಂಡಿಗೆ ಕಿವಿಗೊಡಬೇಕಾದುದು ಇದಕ್ಕಾಗಿಯೇ.

ಅಭ್ಯಾಸ ಮಾಡುವವರಿಗೆ ಒಂದು ಸುಲಭೋಪಾಯವಿದೆ. ಶಬ್ದವನ್ನು ಬಾಲದಿಂದ ಕಟ್ಟುತ್ತ ಬನ್ನಿರಿ: ಬಲ್, ಸಬಲ್, ಸ್ಪಾನ್‌ಸಬಲ್, ರಿಸ್ಪಾನ್‌ಸಬಲ್, ಇರಿಸ್ಪಾನ್‌ಸಬಲ್. ಹತ್ತು ಸಲ ಹೇಳಿದರೆ ನಾಲಗೆ ಪಳಗುತ್ತದೆ. ಇದೇ ಶಬ್ದ ನಾಮಪದವಾಗಿ ‘ಇರೆಸ್ಪಾನ್ಸಿಬಿಲಿಟಿ’ ಆದಾಗ ಏಳು ತುಂಡುಗಳಾಗಿ, ಒತ್ತು ಮೂರನೆಯದರಿಂದ ಐದನೆಯದಕ್ಕೆ, ಎಂದರೆ ‘ಬಿಲ್’ ಮೇಲಕ್ಕೆ ಹೋಗುತ್ತದೆ. ಹೋಟೆಲಿನವರು ‘ಬಿಲ್’ ಮರೆಯುವುದುಂಟೆ? ಬೇಜವಾಬ್ದಾರಿಯ ಕೊನೆಗೆ ಬಿಲ್ ಬಂದೇ ಬರುತ್ತದೆಂದು ನೆನಪಿಟ್ಟುಕೊಂಡರೆ ಸಾಕು.

‘ಅಲ್ಲ’ ಎಲ್ಲಿ ನಿಲ್ಲುತ್ತದೆ?

ನಮ್ಮ ಮಿತ್ರರ ತಪ್ಪಿನ ಬೇರು ಇದಕ್ಕಿಂತಲೂ ಆಳದಲ್ಲಿದೆ. ಅದನ್ನು ತಿಳಿಯಬೇಕಾದರೆ ಯಾವ ಭಾಷೆಯು ತನ್ನ ‘ಅಲ್ಲ’ವನ್ನು ಎಲ್ಲಿ ನಿಲ್ಲಿಸುತ್ತದೆಂಬುದನ್ನು ನೋಡಬೇಕು.

ಅಚ್ಚಕನ್ನಡದಲ್ಲಿ ನಿಷೇಧವು ಹಿಂದೆ ಬರುತ್ತದೆ. ಮಾಡದ, ಬಾರದ, ತಪ್ಪಿಸಲಾಗದ, ಹೊಣೆಯಲ್ಲದ – ಎಲ್ಲಿಯೂ ‘ಇಲ್ಲ’ ಎಂಬ ಭಾವವು ಕೊನೆಗೇ ನಿಲ್ಲುತ್ತದೆ. ಇಂಗ್ಲಿಷಿನ ‘ಅನ್-ಅವಾಯ್ಡ್-ಅಬಲ್’ ಶಬ್ದವನ್ನು ಕನ್ನಡಿಸಿದರೆ ‘ತಪ್ಪಿಸಲು-ಆಗದ’ ಎಂದಾಗುವುದನ್ನು ಗಮನಿಸಿರಿ. ಅಲ್ಲಿ ತಲೆಯಲ್ಲಿದ್ದುದು ಇಲ್ಲಿ ಬಾಲಕ್ಕೆ ಬಂದಿದೆ. ಆದುದರಿಂದ ಕನ್ನಡಿಗನ ಕಿವಿಯು ಮಾತಿನ ಕೊನೆಯವರೆಗೆ ಕಾಯುತ್ತದೆ. ಇಂಗ್ಲಿಷ್ ಶಬ್ದದ ‘ಅಲ್ಲ’ವೋ ಬಾಗಿಲಲ್ಲಿಯೇ ಹೇಳಿ ಮುಗಿದಿರುತ್ತದೆ.

ಸಂಸ್ಕೃತದ ರೀತಿ ಇಂಗ್ಲಿಷಿನಂತೆಯೇ. ಅಸಾಧ್ಯ, ಅನ್ಯಾಯ, ಅನಾದರ, ಅನುಚಿತ: ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’. ಈ ಸಾಮ್ಯ ಆಕಸ್ಮಿಕವಲ್ಲ. ಸಂಸ್ಕೃತದ ‘ಅನ್’, ಲ್ಯಾಟಿನ್ನಿನ ‘ಇನ್’, ಇಂಗ್ಲಿಷಿನ ‘ಅನ್’ ಮೂರೂ ಒಂದೇ ತಾಯಿಯ ಮಕ್ಕಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಒಂದೇ ಮೂಲವಿರಬೇಕೆಂದು ವಿಲಿಯಂ ಜೋನ್ಸನು 1786ರಲ್ಲಿ ಕಲಕತ್ತೆಯಲ್ಲಿ ಸಾರಿದನು. ಕನ್ನಡ, ತೆಲುಗು, ತಮಿಳುಗಳ ವಂಶ ಬೇರೆಯೇ ಎಂಬುದನ್ನು 1816ರಲ್ಲಿ ಮದರಾಸಿನ ಎಲ್ಲಿಸ್ ತೋರಿಸಿಕೊಟ್ಟನು. 1856ರಲ್ಲಿ ಕಾಲ್ಡ್‌ವೆಲ್ಲನು ಅದನ್ನು ವಿಸ್ತಾರವಾದ ವ್ಯಾಕರಣವಾಗಿ ಬೆಳೆಸಿದನು.

ಹೈದರಾಬಾದಿನಲ್ಲಿರುವ ನಮಗಾದರೋ ಉರ್ದುವಿನ ಮೂಲಕ ಇನ್ನೊಂದು ಭಂಡಾರವೇ ದೊರೆತಿದೆ. ಪಾರಸಿಯ ‘ಬೇ’ ಮತ್ತು ‘ನಾ’, ಅರಬ್ಬಿಯ ‘ಗೈರ್’ ಮತ್ತು ‘ಲಾ’: ಬೇಕಾರ್, ನಾಮಂಜೂರ್, ಗೈರುಹಾಜರಿ, ಲಾವಾರಿಸ್. ನಿಜಾಮರ ರಾಜ್ಯದಲ್ಲಿ ಕಚೇರಿಯ ಭಾಷೆ ಮೊದಲು ಪಾರಸಿ, ಬಳಿಕ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ಶಿಕ್ಷಣವನ್ನು ಉರ್ದುವಿನಲ್ಲಿಯೇ ಕೊಟ್ಟಿತು. ಅದಕ್ಕೆ ಬೇಕಾದ ಶಾಸ್ತ್ರಪದಗಳನ್ನು ರೂಪಿಸಲು ಅದಕ್ಕಿಂತ ಒಂದು ವರ್ಷ ಮೊದಲೇ ಭಾಷಾಂತರ ಸಂಸ್ಥೆಯೊಂದು ಈ ನಗರದಲ್ಲಿ ಹುಟ್ಟಿತ್ತು. 1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ, ಅಲ್ಲಿಯ ಕನ್ನಡ ಗುಮಾಸ್ತರ ಲೇಖನಿಗೆ ಈ ಉಪಸರ್ಗಗಳು ಚೆನ್ನಾಗಿ ಪಳಗಿದ್ದುವು. ಆ ಪೀಳಿಗೆಯವರಿಗೆ ‘ಗೈರ್’ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ನಮ್ಮ ಶಬ್ದವನ್ನೇ ನೋಡಿರಿ. ‘ಜವಾಬು’ ಎಂದರೆ ಉತ್ತರ. ‘ಜವಾಬ್ದಾರ’ ಎಂದರೆ ಉತ್ತರವನ್ನು ಹೊತ್ತವನು. ‘ಬೇಜವಾಬ್ದಾರ’ ಎಂದರೆ ಅದಿಲ್ಲದವನು. ಇಂಗ್ಲಿಷಿನ ಶಬ್ದವೂ ಉತ್ತರದಿಂದಲೇ ಹುಟ್ಟಿದ್ದು! ಇನ್ನು ‘ಹೊಣೆ’ ಎಂಬ ಅಚ್ಚಕನ್ನಡ ಶಬ್ದಕ್ಕೆ ಜಾಮೀನು ಎಂಬುದು ಹಳೆಯ ಅರ್ಥ. ‘ರೆಸ್ಪಾಂಡ್’ ಶಬ್ದದ ಲ್ಯಾಟಿನ್ ಮೂಲಕ್ಕೂ ಮಾತು ಕೊಡುವುದು, ವಾಗ್ದಾನ ಮಾಡುವುದು ಎಂಬ ಅರ್ಥವೇ ಇದೆ. ಬೇರೆ ಬೇರೆ ನಾಡಿನವರು ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಅಭಿಪ್ರಾಯಕ್ಕೆ ಬಂದರು: ಕೊಟ್ಟ ಮಾತಿಗೆ ಉತ್ತರ ಹೇಳತಕ್ಕವನೇ ಹೊಣೆಗಾರನು.

‘ನಾಟ್’ ಬೇರೆ, ‘ಇರ್’ ಬೇರೆ

ಕನ್ನಡದಲ್ಲಿ ‘ನಾನು ಇದಕ್ಕೆ ಹೊಣೆಯಲ್ಲ’ ಎನ್ನುವುದು ಒಂದು ಮಾತು. ‘ನಾನು ಹೊಣೆಗೇಡಿ’ ಎನ್ನುವುದು ಇನ್ನೊಂದು. ಮೊದಲನೆಯದು ಒಂದು ಸಂಗತಿಯನ್ನು ಅಲ್ಲಗಳೆಯುತ್ತದೆ. ಎರಡನೆಯದು ಮನುಷ್ಯನ ಗುಣವನ್ನೇ ಹಳಿಯುತ್ತದೆ. ಉರ್ದುವಿನಲ್ಲಿಯೂ ‘ಜಿಮ್ಮೇದಾರ್ ನಹೀಂ’ ಬೇರೆ, ‘ಗೈರ್ ಜಿಮ್ಮೇದಾರ್’ ಬೇರೆ. ಇಂಗ್ಲಿಷಿನಲ್ಲಿಯೂ ಇದೇ ಭೇದ. ‘ನಾಟ್ ರೆಸ್ಪಾನ್ಸಿಬಲ್’ ಎಂದರೆ ಈ ಕೆಲಸದ ಹೊಣೆ ನನ್ನದಲ್ಲ ಎಂದರ್ಥ. ‘ಇರೆಸ್ಪಾನ್ಸಿಬಲ್’ ಎಂದರೆ ಹೊಣೆಯ ಪರಿವೆಯೇ ಇಲ್ಲದವನು. ವಾಹನ ನಿಲ್ಲಿಸುವ ಸ್ಥಳದಲ್ಲಿ ‘ವಸ್ತುಗಳು ಕಳೆದರೆ ಮಾಲಿಕರು ಹೊಣೆಯಲ್ಲ’ ಎಂಬ ಫಲಕವಿರುತ್ತದೆ. ಅಲ್ಲಿ ‘ನಾಟ್’ ತೆಗೆದು ‘ಇರ್’ ಹಾಕಿದರೆ ಮಾಲಿಕರು ತಮ್ಮ ಮಾನವನ್ನು ತಾವೇ ಹರಾಜು ಹಾಕಿದಂತಾಗುತ್ತದೆ!

ನಮ್ಮ ಮಿತ್ರರ ಪರವಾಗಿಯೂ ಒಂದು ಮಾತನ್ನು ಹೇಳಬೇಕು. ಹದಿನೇಳನೆಯ ಶತಮಾನದಲ್ಲಿ ಈ ಶಬ್ದವು ಇಂಗ್ಲಿಷಿನಲ್ಲಿ ಕಾಣಿಸಿಕೊಂಡಾಗ ಅದು ಗುಣನಿಂದೆಯಾಗಿರಲಿಲ್ಲ. ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಎಂಬುದೇ ಅದರ ಅರ್ಥವಾಗಿತ್ತು. ರಾಜಕಾರಣದಲ್ಲಿ ಆ ಅರ್ಥ ಬಹುಕಾಲ ಉಳಿಯಿತು. 1917ರ ಆಗಸ್ಟಿನಲ್ಲಿ ಮಾಂಟೆಗು ಭಾರತಕ್ಕೆ ಹಂತಹಂತವಾಗಿ ‘ರೆಸ್ಪಾನ್ಸಿಬಲ್ ಗೌರ್ನಮೆಂಟ್’ ಕೊಡುವುದಾಗಿ ಘೋಷಿಸಿದನು. ಎಂದರೆ ಜನಪ್ರತಿನಿಧಿಗಳಿಗೆ ಉತ್ತರ ಹೇಳುವ ಸರಕಾರ. 1938ರಲ್ಲಿ ಇದೇ ಹೈದರಾಬಾದಿನಲ್ಲಿ ಸ್ಟೇಟ್ ಕಾಂಗ್ರೆಸ್ ಹುಟ್ಟಿ ಜವಾಬ್ದಾರಿ ಸರಕಾರವನ್ನು ಬೇಡಿತು. ನಿಜಾಮರ ಸರಕಾರ ಅದನ್ನು ನಿಷೇಧಿಸಿತು. ಸ್ವಾಮಿ ರಮಾನಂದ ತೀರ್ಥರು ಮೊದಲಾದವರು ಸತ್ಯಾಗ್ರಹ ಮಾಡಿ ಸೆರೆಮನೆಗೆ ಹೋದರು. ಮೈಸೂರಿನಲ್ಲಿಯೂ 1947ರ ಚಳವಳಿಯ ಬೇಡಿಕೆ ಜವಾಬ್ದಾರಿ ಸರಕಾರವೇ. ಆ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ‘ರೆಸ್ಪಾನ್ಸಿಬಲ್’ ಎಂಬ ವಿಶೇಷಣಕ್ಕಾಗಿ ನಮ್ಮ ಹಿರಿಯರು ಜೈಲು ಕಂಡಿದ್ದಾರೆಂಬುದನ್ನು ನಾವು ಮರೆಯಬಾರದು. ಆದರೆ ಈ ಹಳೆಯ ಅರ್ಥ ಇತಿಹಾಸದ ಪುಸ್ತಕಗಳಿಗೆ ಸೇರಿತು. ಇಂದು ಆಫೀಸಿನ ಕಾಗದದಲ್ಲಿ ಆ ಶಬ್ದವು ಬೈಗುಳವೇ ಸರಿ.

ಎಲ್ಲ ‘ಇನ್’ ನಿಷೇಧವಲ್ಲ

ಉಪಸರ್ಗದ ವಿದ್ಯೆ ಬಂದಿತೆಂದು ಎಲ್ಲೆಡೆಯೂ ಅದನ್ನೇ ಪ್ರಯೋಗಿಸುವುದೂ ಅಪಾಯಕರ. ಸೀಮೆಎಣ್ಣೆಯ ಡಬ್ಬಿ, ಪೆಟ್ರೋಲಿನ ಲಾರಿಗಳ ಮೇಲೆ ‘ಇನ್‌ಫ್ಲೇಮಬಲ್’ ಎಂದು ಬರೆದಿರುವುದನ್ನು ನೋಡಿದ್ದೀರಿ. ‘ಇನ್’ ಇದೆಯೆಂದು ಅದನ್ನು ‘ಬೆಂಕಿ ಹಿಡಿಯದ’ ವಸ್ತುವೆಂದು ತಿಳಿದರೆ ಪ್ರಾಣಕ್ಕೇ ಸಂಚಕಾರ. ಅಲ್ಲಿಯ ‘ಇನ್’ ನಿಷೇಧವಲ್ಲ; ‘ಒಳಕ್ಕೆ’ ಎಂಬ ಅರ್ಥದ ಬೇರೊಂದು ಉಪಸರ್ಗ. ಶಬ್ದದ ಅರ್ಥ ‘ಬೇಗ ಉರಿ ಹತ್ತುವ’ ಎಂದು. ‘ಫ್ಲೇಮಬಲ್’ ಎಂದರೂ ಅದೇ. ಬೆಂಕಿ ಹಿಡಿಯದ ವಸ್ತುವಿಗೆ ‘ನಾನ್ ಫ್ಲೇಮಬಲ್’ ಎನ್ನಬೇಕು. ಅಡಿಗೆಮನೆಯಲ್ಲಿ ಒಲೆಯ ಮುಂದೆ ಕೆಲಸ ಮಾಡುವ ನಮ್ಮ ಹುಡುಗರಿಗೆ ಬೇರೇನನ್ನು ಕಲಿಸದಿದ್ದರೂ ಈ ಒಂದು ಶಬ್ದವನ್ನು ಕಲಿಸತಕ್ಕದ್ದು.

‘ಇನ್‌ವ್ಯಾಲ್ಯುಬಲ್’ ಎಂದರೆ ಬೆಲೆಯಿಲ್ಲದ್ದಲ್ಲ. ಬೆಲೆ ಕಟ್ಟಲಾಗದ್ದು, ಅಮೂಲ್ಯವಾದುದು. ‘ಇನ್‌ವ್ಯಾಲಿಡ್’ ಎಂಬುದನ್ನು ಎರಡನೆಯ ತುಂಡನ್ನು ಒತ್ತಿ ನುಡಿದರೆ ಅಸಿಂಧುವಾದ ಪಾಸು, ಟಿಕೇಟು ಇತ್ಯಾದಿ. ಮೊದಲನೆಯದನ್ನು ಒತ್ತಿ ನುಡಿದರೆ ಹಾಸಿಗೆ ಹಿಡಿದ ರೋಗಿ! ಬರವಣಿಗೆ ಒಂದೇ, ಒತ್ತು ಬೇರೆಯಾದರೆ ಅರ್ಥವೂ ಬೇರೆ. ಸಂದೇಹ ಬಂದಲ್ಲಿ ನಿಘಂಟನ್ನು ನೋಡಬೇಕು. ಕೈಯಲ್ಲಿರುವ ಫೋನಿನ ನಿಘಂಟು ಈಗ ಶಬ್ದವನ್ನು ಉಚ್ಚರಿಸಿಯೂ ತೋರಿಸುತ್ತದೆ. ಆದರೆ ವಿರುದ್ಧ ಪದವನ್ನು ಮಾತ್ರ ನೋಡಿ ಮುಚ್ಚಿಬಿಡದೆ, ಆ ಶಬ್ದ ವಾಕ್ಯದಲ್ಲಿ ಹೇಗೆ ಬಳಕೆಯಾಗಿದೆಯೆಂಬ ಉದಾಹರಣೆಯನ್ನೂ ಓದಬೇಕು. ಅದೂ ಸಾಲದಿದ್ದರೆ ‘ನಾಟ್’ ಎಂಬ ನೇರವಾದ ಶಬ್ದವನ್ನೇ ಬಳಸಿರಿ. ಅದು ಶಾಲಾ ಹುಡುಗನ ಇಂಗ್ಲಿಷೆಂದು ಯಾರಾದರೂ ನಕ್ಕರೆ ನಗಲಿ. ಅನ್ನಕ್ಕೆ ಕುತ್ತು ಬರುವುದಿಲ್ಲ.

ಎರಡನೆಯ ಕಾಗದ

ಮಿತ್ರರೊಡನೆ ಕುಳಿತು ನಾವು ಎರಡನೆಯ ಕಾಗದವನ್ನು ಬರೆಸಿದೆವು. ಅದರಲ್ಲಿ ಉದ್ದವಾದ ಶಬ್ದಗಳಾವುವೂ ಇರಲಿಲ್ಲ. ಭಾನುವಾರ ನಾನು ರಜೆಯಲ್ಲಿದ್ದೆ. ರಜೆಯ ಚೀಟಿ ಇಲ್ಲಿದೆ. ಬೀಗದ ಕೈ ನನ್ನಲ್ಲಿರಲಿಲ್ಲ. ಆದುದರಿಂದ ಆ ದಿನದ ಉಗ್ರಾಣಕ್ಕೆ ನಾನು ‘ನಾಟ್ ರೆಸ್ಪಾನ್ಸಿಬಲ್’. ಹಿಂದಿನ ಕಾಗದದಲ್ಲಿ ಒಂದು ಶಬ್ದವನ್ನು ತಪ್ಪಾಗಿ ಬಳಸಿದೆನು. ಇಷ್ಟೇ.

“ಇದನ್ನು ಕೊಡುವ ಮೊದಲು ಯಜಮಾನರ ಬಳಿ ಹೋಗಿ ಬಾಯಲ್ಲೂ ಹೇಳಿ” ಎಂದೆವು. ಅವರು ಹೋದರು. ಯಜಮಾನರು ಎರಡೂ ಕಾಗದಗಳನ್ನು ತಿರುವಿ ನೋಡಿ, “ನೀನು ಏನು ಹೇಳಬೇಕೆಂದಿದ್ದೀಯೋ ಅದನ್ನು ಕನ್ನಡದಲ್ಲಿ ಹೇಳು” ಎಂದರಂತೆ.

“ಧಣಿ, ಸಕ್ಕರೆ ಹೋದದ್ದಕ್ಕೆ ನಾನು ಹೊಣೆಯಲ್ಲ. ಹೊಣೆಗೇಡಿಯೂ ಅಲ್ಲ” ಎಂದರಂತೆ ಇವರು.

ಸಂಬಳದಲ್ಲಿ ಮುರಿಯುವ ಮಾತು ಅಲ್ಲಿಗೇ ನಿಂತಿತು, ಕೆಲಸವೂ ಉಳಿಯಿತು. ಆದರೆ ಮೊದಲ ಕಾಗದವನ್ನು ಫೈಲಿನಿಂದ ತೆಗೆಯಲು ಆಫೀಸಿನವರು ಒಪ್ಪಲಿಲ್ಲ. ಬಂದ ಕಾಗದವನ್ನು ತೆಗೆಯುವ ಪದ್ಧತಿಯಿಲ್ಲವಂತೆ. ಎರಡನೆಯದನ್ನು ಅದರ ಬೆನ್ನಿಗೆ ಲಗತ್ತಿಸಿದ್ದಾರೆ. ಮುಂದೆ ಯಾರಾದರೂ ಆ ಫೈಲನ್ನು ತೆರೆದರೆ ಎರಡನ್ನೂ ಓದಲಿ ಎಂಬುದು ನಮ್ಮ ಮಿತ್ರರ ಆಶೆ.

ಅವರು ಈಗ ವಾರಕ್ಕೆರಡು ರಾತ್ರಿ, ಹೋಟೆಲಿನ ಬಾಗಿಲು ಹಾಕಿದ ಬಳಿಕ, ಮೂವರು ಹುಡುಗರನ್ನು ಕೂಡಿಸಿಕೊಂಡು ನಿಘಂಟು ಓದುತ್ತಾರೆ. ಹೊಸ ಶಬ್ದ ಬಂದಾಗ ಅವರು ಮೊದಲು ಕೇಳುವ ಪ್ರಶ್ನೆ ಒಂದೇ: “ಇದರ ತಲೆಯ ಮೇಲೆ ಏನು ಕೂತಿದೆ, ನೋಡಿ ಹೇಳಿ.”